ನಿಂತ ಕಾರನ್ನು ನಿಂತಿರಲು ಬಿಡಿ

ಆರು ತಿಂಗಳು ಮನೆ ಬಿಟ್ಟು ಹೋಗುವವರು ಪಕ್ಕದ ಮನೆಯವರ ಕೈಗೆ ಕೀಲಿಕೈ ಗೊಂಚಲು ಕೊಡುವಾಗ ಮೂರು ಮಾತು ಹೇಳುವುದು ವಾಡಿಕೆ. ತುಳಸಿಗೆ ನೀರು ಹಾಕಿ, ಗೇಟಿನ ಬಳಿ ಬಿದ್ದ ಕಾಗದಪತ್ರ ಎತ್ತಿಡಿ, ವಾರಕ್ಕೊಂದು ಸಲ ಕಾರು ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಡಿ. ಮೊದಲ ಎರಡರ ಬಗ್ಗೆ ನನ್ನ ತಕರಾರಿಲ್ಲ. ಮೂರನೆಯದು ಕಾರಿಗೆ ಉಪಕಾರವಲ್ಲ, ಅಪಕಾರ. ನಂಬಿಕೆಯಿಂದ, ಪ್ರೀತಿಯಿಂದ, ಒಂದು ವಾರವೂ ತಪ್ಪಿಸದೆ ಮಾಡುವ ಅಪಕಾರ.

ಮೈಸೂರಿನ ಕುವೆಂಪುನಗರ, ಬೆಂಗಳೂರಿನ ಜಯನಗರ, ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಇದು ಪ್ರತಿ ಬೇಸಿಗೆಯ ಕಥೆ. ಮಗಳ ಬಾಣಂತನ ಇರುತ್ತದೆ, ಇಲ್ಲವೇ ಮೊಮ್ಮಗನನ್ನು ನೋಡಿಕೊಳ್ಳುವವರಿಲ್ಲ. ಅಮೆರಿಕದ ವಿಸಿಟರ್ ವೀಸಾದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಏಪ್ರಿಲ್ ಕೊನೆಗೆ ಹೊರಟು ದೀಪಾವಳಿ ಹೊತ್ತಿಗೆ ವಾಪಸ್. ಎಂದರೆ ಕಾರು ಒಂಟಿಯಾಗಿ ನಿಲ್ಲುವುದು ಸರಿಯಾಗಿ ಮಳೆಗಾಲದಲ್ಲಿ. ಕರಾವಳಿಯಲ್ಲಿ ಲೆಕ್ಕ ತಿರುಗುಮುರುಗು. ದುಬೈಯಲ್ಲೋ ಮಸ್ಕತ್‌ನಲ್ಲೋ ದುಡಿಯುವವರು ವರ್ಷಕ್ಕೊಂದು ತಿಂಗಳು ಊರಿಗೆ ಬರುತ್ತಾರೆ, ಉಡುಪಿಯ ಮನೆಯಂಗಳದಲ್ಲಿ ಕಾರು ಹನ್ನೊಂದು ತಿಂಗಳು ಮಲಗಿರುತ್ತದೆ. ಅಲ್ಲಿಯೂ ಭಾನುವಾರ ಬೆಳಿಗ್ಗೆ ಭಾವನೋ ತಮ್ಮನೋ ಬಂದು ಸ್ಟಾರ್ಟ್ ಮಾಡಿ, ಎರಡು ಸಲ ಆಕ್ಸಿಲರೇಟರ್ ಒತ್ತಿ ಗುರ್ರೆನ್ನಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಆಫ್ ಮಾಡುತ್ತಾರೆ. ಕರ್ತವ್ಯ ಮುಗಿಯಿತು.

ಈ ಹತ್ತು ನಿಮಿಷ ಮಾಡುವುದೇನು? ಬ್ಯಾಟರಿಯಿಂದ ಶುರುಮಾಡೋಣ. ಎಲ್ಲರೂ ಹೇಳುವ ಮೊದಲ ಕಾರಣವೇ ಅದು: ‘ಇಲ್ಲಾಂದ್ರೆ ಬ್ಯಾಟರಿ ಇಳಿದುಹೋಗುತ್ತೆ ಸಾರ್.’

ಇಳಿಯುತ್ತದೆ, ನಿಜ. ಈಗಿನ ಕಾರು ಲಾಕ್ ಮಾಡಿದ ಮೇಲೂ ಪೂರ್ತಿ ನಿದ್ದೆ ಹೋಗುವುದಿಲ್ಲ. ಅಲಾರಾಂ, ರಿಮೋಟ್ ಕೀಲಿಗೆ ಕಿವಿಗೊಟ್ಟು ಕೂತ ರಿಸೀವರ್, ಗಡಿಯಾರ, ಕಂಪ್ಯೂಟರಿನ ನೆನಪು ಎಲ್ಲವೂ ಸೇರಿ ಸುಮಾರು 20ರಿಂದ 50 ಮಿಲಿಆಂಪಿಯರ್ ಸದಾ ಎಳೆಯುತ್ತಿರುತ್ತವೆ. ಮೂವತ್ತು ಎಂದೇ ಇಟ್ಟುಕೊಳ್ಳಿ. ವಾರಕ್ಕೆ 168 ಗಂಟೆ, ಗುಣಿಸಿದರೆ ಐದು ಆಂಪಿಯರ್-ಅವರ್. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಶಕ್ತಿಯೇ 35 ಆಂಪಿಯರ್-ಅವರ್. ಏಳು ವಾರಕ್ಕೆ ಬರಿದು. ಸ್ಟಾರ್ಟ್ ಆಗದಂತಾಗಲು ಅಷ್ಟು ದಿನವೂ ಬೇಡ.

ಹಾಗಾದರೆ ಸ್ಟಾರ್ಟ್ ಮಾಡಿದರೆ ತುಂಬುತ್ತದಲ್ಲ? ನಂಬಿಕೆ ಎಡವುವುದು ಇಲ್ಲೇ. ಸೀಸ ಮತ್ತು ಆಮ್ಲದ ಬ್ಯಾಟರಿ ಚಾರ್ಜನ್ನು ನಿಧಾನವಾಗಿ ಹೀರುವ ವಸ್ತು. ಆಲ್ಟರ್ನೇಟರ್ ಕೊಟ್ಟಷ್ಟನ್ನೂ ತಕ್ಷಣ ತೆಗೆದುಕೊಳ್ಳುವುದಿಲ್ಲ. ಇಂಜಿನ್ ಐಡ್ಲಿಂಗಿನಲ್ಲಿರುವಾಗ ಆಲ್ಟರ್ನೇಟರೂ ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಹತ್ತು ನಿಮಿಷದಲ್ಲಿ ಒಳಹೋಗುವುದು ಒಂದೆರಡು ಆಂಪಿಯರ್-ಅವರ್ ಆದರೆ ದೊಡ್ಡದು. ವಾರಕ್ಕೆ ಐದು ಹೋಗುತ್ತದೆ, ಒಂದೂವರೆಯೋ ಎರಡೋ ಬರುತ್ತದೆ. ಈ ನಡುವೆ ಪಕ್ಕದ ಮನೆಯವರು ಉಪಕಾರಬುದ್ಧಿಯಿಂದ ಏಸಿ ಹಾಕಿ, ರೇಡಿಯೊ ಹಾಕಿ, ವೈಪರ್ ಒಂದು ಸಲ ಆಡಿಸಿ ನೋಡಿದರೆ ಅದಕ್ಕೂ ಕತ್ತರಿ. ಬ್ಯಾಟರಿ ಬೇಗ ಸಾಯುವುದೂ ಇಲ್ಲ, ತುಂಬುವುದೂ ಇಲ್ಲ. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿ ಬದುಕುತ್ತದೆ. ಬ್ಯಾಟರಿಗೆ ಅದು ತುಂಬ ಕೆಟ್ಟ ಸ್ಥಿತಿ. ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಕರಗುವುದಿಲ್ಲ. ಯಜಮಾನರು ಬಂದಾಗ ಕಾರು ಹೇಗೋ ಸ್ಟಾರ್ಟ್ ಆದರೆ ಎಲ್ಲರಿಗೂ ಸಂತೋಷ. ಸಂಕ್ರಾಂತಿ ಹೊತ್ತಿಗೆ ಹೊಸ ಬ್ಯಾಟರಿ. ‘ಕಂಪನಿ ಮಾಲು ಈಗ ಮೊದಲಿನ ಹಾಗಿಲ್ಲ’ ಎಂದು ಬೈದು ಕಾಸು ಕೊಡುತ್ತೇವೆ.

ಇದಕ್ಕೆ ಪರಿಹಾರ ಹತ್ತನೇ ನಂಬರ್ ಸ್ಪ್ಯಾನರಿನಲ್ಲಿದೆ. ಹೊರಡುವ ದಿನ ಮೈನಸ್ ಟರ್ಮಿನಲ್ ಕಳಚಿ, ಮತ್ತೆ ತಾಗದಂತೆ ಬಟ್ಟೆ ಸುತ್ತಿ ಪಕ್ಕಕ್ಕೆ ಸರಿಸಿಡಿ. ಕಾರು ಎಳೆಯುತ್ತಿದ್ದ ಕರೆಂಟು ನಿಂತಿತು. ಬ್ಯಾಟರಿ ತಾನಾಗಿಯೂ ತುಸು ಇಳಿಯುತ್ತದೆ, ಸೆಖೆ ಹೆಚ್ಚಿದಷ್ಟೂ ಬೇಗ. ಆದರೂ ಆರೋಗ್ಯವಾಗಿದ್ದ ಬ್ಯಾಟರಿ ಮೂರು ನಾಲ್ಕು ತಿಂಗಳು ತಡೆದೀತು. ಆರು ತಿಂಗಳಾದರೆ ನಡುವೆ ಒಂದು ಸಲ ಬಿಚ್ಚಿ ಬ್ಯಾಟರಿ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಡಿಸಿ. ಪಕ್ಕದ ಮನೆಯವರಿಂದ ಸಹಾಯ ಕೇಳಲೇಬೇಕೆಂದಿದ್ದರೆ ಕೇಳಬೇಕಾದದ್ದು ಇದು. ಕೆಲವು ಕಾರುಗಳಲ್ಲಿ ಟರ್ಮಿನಲ್ ತೆಗೆದರೆ ಸ್ಟೀರಿಯೊ ಕೋಡ್ ಕೇಳುತ್ತದೆ, ಮೊದಲೇ ಬರೆದಿಟ್ಟುಕೊಳ್ಳಿ. ಡಿಕ್ಕಿ ಬರೀ ಬಟನ್ನಿನಲ್ಲೇ ತೆರೆಯುವಂಥದ್ದಾದರೆ ಅದರೊಳಗೆ ಬೇಕಾದದ್ದೇನನ್ನೂ ಬಿಡಬೇಡಿ.

ಬ್ಯಾಟರಿಗಿಂತ ದೊಡ್ಡ ಅನ್ಯಾಯ ಇಂಜಿನ್ನಿಗೆ. ಇದು ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದಲೇ ಯಾರೂ ನಂಬುವುದಿಲ್ಲ.

ಪೆಟ್ರೋಲ್ ಉರಿದರೆ ಹೊಗೆ ಬರುತ್ತದೆ ಎಂಬುದಷ್ಟೇ ನಮಗೆ ಗೊತ್ತು. ನೀರೂ ಬರುತ್ತದೆ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಸೇರಿ ಆಗುವ ನೀರು, ಸರಿಸುಮಾರು ಲೀಟರಿಗೆ ಲೀಟರು. ರಸ್ತೆಯಲ್ಲಿ ಓಡುವ ಕಾರಿನಲ್ಲಿ ಅದು ಆವಿಯಾಗಿಯೇ ಹೊರಗೆ ಹೋಗುತ್ತದೆ. ತಣ್ಣಗಿರುವ ಇಂಜಿನ್ನಿನಲ್ಲಿ ಹಾಗಲ್ಲ. ಪಿಸ್ಟನ್ ರಿಂಗುಗಳ ಸಂದಿನಿಂದ ಸ್ವಲ್ಪ ಆವಿ ಕೆಳಗಿಳಿದು ಆಯಿಲ್ ಸೇರುತ್ತದೆ. ತಣ್ಣನೆಯ ಇಂಜಿನ್ನಿಗೆ ಕಂಪ್ಯೂಟರು ಪೆಟ್ರೋಲನ್ನೂ ಹೆಚ್ಚೇ ಚಿಮ್ಮಿಸುತ್ತದೆ, ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆ ತೊಳೆದುಕೊಂಡು ಅದೇ ಆಯಿಲಿಗೆ ಇಳಿಯುತ್ತದೆ. ಈ ನೀರು, ಪೆಟ್ರೋಲು ಎರಡೂ ಆರಿಹೋಗಲು ಆಯಿಲ್ ಚೆನ್ನಾಗಿ ಕಾಯಬೇಕು, ಸಾಕಷ್ಟು ಹೊತ್ತು ಕಾದೇ ಇರಬೇಕು. ಡ್ಯಾಶ್‌ಬೋರ್ಡಿನ ಮುಳ್ಳು ನಡುವಿಗೆ ಬಂತಲ್ಲ ಎನ್ನಬೇಡಿ. ಆ ಮುಳ್ಳು ತೋರಿಸುವುದು ಕೂಲೆಂಟಿನ ಬಿಸಿಯನ್ನು. ಆಯಿಲ್ ಅದಕ್ಕಿಂತ ಬಹಳ ಸೋಮಾರಿ, ನಿಂತಲ್ಲೇ ಹತ್ತು ನಿಮಿಷ ಓಡಿದರೆ ಉಗುರುಬೆಚ್ಚಗಾದರೆ ಹೆಚ್ಚು.

ನೋಡಬೇಕೆಂದರೆ, ಹೀಗೆ ಆರೈಕೆಯಾದ ಕಾರು ಗ್ಯಾರೇಜಿಗೆ ಬಂದಾಗ ಬಾನೆಟ್ ಎತ್ತಿ ಆಯಿಲ್ ತುಂಬುವ ಮುಚ್ಚಳ ತಿರುಗಿಸಿ ನೋಡಿ. ಮುಚ್ಚಳದ ಒಳಮೈಗೆ ಫಿಲ್ಟರ್ ಕಾಫಿಯ ಮೇಲಿನ ನೊರೆಯಂಥ ಕಂದು ಬಣ್ಣದ ಲೋಳೆ ಅಂಟಿರುತ್ತದೆ. ಬೆರಳಲ್ಲಿ ಒರೆಸಿದರೆ ಜಾರುತ್ತದೆ, ಮೂಗಿಗೆ ಹಿಡಿದರೆ ಪೆಟ್ರೋಲಿನ ಘಾಟು. ಅದು ಆಯಿಲೂ ನೀರೂ ಕಡೆದು ಆದದ್ದು. ಹೆಡ್ ಗ್ಯಾಸ್ಕೆಟ್ ಹೋಗಿದೆ ಎಂದು ಹೆದರಿಸುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಎಷ್ಟೋ ಸಲ ಗ್ಯಾಸ್ಕೆಟ್ಟಿಗೆ ಏನೂ ಆಗಿರುವುದಿಲ್ಲ, ಹತ್ತು ಹತ್ತು ನಿಮಿಷದ ಉಪಚಾರ ಮಾತ್ರ ಆಗಿರುತ್ತದೆ.

ಉಳಿದ ನೀರು ಸೈಲೆನ್ಸರಿನಲ್ಲಿ. ಬೆಳಿಗ್ಗೆ ಹೊತ್ತು ಸ್ಟಾರ್ಟ್ ಮಾಡಿದ ಕಾರಿನ ಹಿಂದೆ ತೊಟ್ಟಿಕ್ಕುವ ನೀರನ್ನು ನೋಡಿ ‘ಇಂಜಿನ್ ಚೆನ್ನಾಗಿದೆ ಅನ್ನೋದಕ್ಕೆ ಇದೇ ಗುರುತು’ ಎನ್ನುವವರಿದ್ದಾರೆ. ತೊಟ್ಟಿಕ್ಕುವುದು ತೊಂದರೆಯಲ್ಲ. ತೊಟ್ಟಿಕ್ಕದೆ ಡಬ್ಬಿಯೊಳಗೇ ನಿಂತದ್ದು ತೊಂದರೆ. ಸೈಲೆನ್ಸರ್ ಕೈ ಸುಡುವಷ್ಟು ಬಿಸಿಯಾಗಿದ್ದರೆ ಅದೂ ಆರುತ್ತಿತ್ತು. ವಾರವಾರವೂ ಹೊಸ ನೀರು ತುಂಬಿ, ವಾರವಿಡೀ ನೆನೆಸಿಟ್ಟು, ತಗಡು ಒಳಗಿನಿಂದ ಸವೆಯುತ್ತದೆ. ಸುಮ್ಮನೆ ನಿಂತ ಕಾರಿನ ಸೈಲೆನ್ಸರಿಗೆ ಈ ನೀರನ್ನು ಕೊಡುವವರು ಯಾರು?

ಬಿಎಸ್6 ಡೀಸೆಲ್ ಗಾಡಿಯಾದರೆ ಕಥೆ ಇನ್ನೂ ದುಬಾರಿ. 2020ರ ಏಪ್ರಿಲ್ 1ರಿಂದ ಬಂದ ಈ ಗಾಡಿಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಎನ್ನುತ್ತಾರೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಅದು ಕಾದು, ಹಿಡಿದ ಮಸಿಯನ್ನು ತಾನೇ ಸುಟ್ಟುಕೊಳ್ಳುತ್ತದೆ. ಅಂಗಳದಲ್ಲಿ ನಿಲ್ಲಿಸಿ ಐಡ್ಲಿಂಗ್ ಬಿಟ್ಟರೆ ಮಸಿ ತುಂಬುತ್ತದೆಯೇ ಹೊರತು ಸುಡುವುದಿಲ್ಲ. ಒಂದು ದಿನ ಹಳದಿ ದೀಪ ಉರಿಯುತ್ತದೆ, ಆಮೇಲೆ ಷೋರೂಮಿನವರ ಬಿಲ್ಲು ನೋಡಿ ಕಣ್ಣು ಉರಿಯುತ್ತದೆ.

ಇಷ್ಟೆಲ್ಲ ಕೆಡಿಸಿದರೂ ಬೇರೆಡೆ ಏನಾದರೂ ಲಾಭವಿದೆಯೇ ಎಂದು ಹುಡುಕಿದರೆ, ಇಲ್ಲ. ನಿಂತ ಗಾಡಿಯಲ್ಲಿ ನಿಜವಾಗಿ ಕೆಡುವುದು ಟೈರು ಮತ್ತು ಬ್ರೇಕು. ಚಕ್ರ ತಿರುಗದ ಮೇಲೆ ಹತ್ತು ನಿಮಿಷವಲ್ಲ, ಹತ್ತು ಗಂಟೆ ಇಂಜಿನ್ ಓಡಿಸಿದರೂ ಅವಕ್ಕೆ ಸುದ್ದಿಯೇ ತಲುಪುವುದಿಲ್ಲ. ಟೈರಿನ ಒಂದೇ ಭಾಗದ ಮೇಲೆ ಭಾರ ಬಿದ್ದು ಅಲ್ಲಿ ಚಪ್ಪಟೆಯಾಗುತ್ತದೆ. ಅದಕ್ಕೆ ಹೊರಡುವ ಮುನ್ನ ಗಾಳಿಯನ್ನು ಮಾಮೂಲಿಗಿಂತ ಐದಾರು ಪಾಯಿಂಟ್ ಹೆಚ್ಚು ಹಿಡಿಸಬೇಕು, ಟೈರಿನ ಮೇಲೆ ಬರೆದ ಗರಿಷ್ಠ ಮಿತಿಯನ್ನು ದಾಟದಂತೆ.

ಬ್ರೇಕಿನದು ನಮ್ಮ ಮಳೆಗಾಲದ ವಿಶೇಷ ಸಮಸ್ಯೆ. ಜಾಗರೂಕರಾದ ಹಿರಿಯರು ಹ್ಯಾಂಡ್‌ಬ್ರೇಕನ್ನು ಕೊನೆಯ ಕಟ್ಟಿನವರೆಗೂ ಎಳೆದು, ಮತ್ತೊಮ್ಮೆ ಎಳೆದು ನೋಡಿ, ಸಮಾಧಾನದಿಂದ ವಿಮಾನ ಹತ್ತುತ್ತಾರೆ. ಹಿಂದಿನ ಚಕ್ರದ ಡ್ರಮ್ಮಿನೊಳಗೆ ಲೈನರು ಡ್ರಮ್ಮಿಗೆ ಒತ್ತಿಕೊಂಡೇ ಆರು ತಿಂಗಳು ಇರುತ್ತದೆ. ತೇವ ಒಳಹೋಗಿ ತುಕ್ಕು ಕಟ್ಟಿ ಎರಡೂ ಒಂದಾಗುತ್ತವೆ. ಅಕ್ಟೋಬರಿನಲ್ಲಿ ಹ್ಯಾಂಡ್‌ಬ್ರೇಕ್ ಕೆಳಗಿಳಿಸಿ ಕ್ಲಚ್ ಬಿಟ್ಟರೆ ಕಾರು ಹಿಂದಿನಿಂದ ಕುಳಿತ ಹಾಗಾಗಿ ನಿಂತುಬಿಡುತ್ತದೆ. ಆಮೇಲೆ ಮೆಕ್ಯಾನಿಕ್ ಹುಡುಗ ಬಂದು ಚಕ್ರ ಬಿಚ್ಚಿ, ಡ್ರಮ್ಮಿನ ಸುತ್ತ ಸುತ್ತಿಗೆಯಲ್ಲಿ ಬಡಿಯುತ್ತಾನೆ.  ಒಮ್ಮೊಮ್ಮೆ ಲೈನರು ಪೂರ್ತಿ ಕಿತ್ತು ಡ್ರಮ್ಮಿಗೇ ಅಂಟಿಕೊಂಡು ಬರುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ, ಗೇರಿನಲ್ಲಿ ಬಿಟ್ಟು, ಎರಡು ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟಿದ್ದರೆ ಇಷ್ಟು ರಂಪ ಇರುತ್ತಿರಲಿಲ್ಲ.

ಹಾಗಿದ್ದರೆ ಇಷ್ಟು ಜನ ಇಷ್ಟು ವರ್ಷ ಹೇಳಿದ್ದು ಸುಳ್ಳೇ? ಸುಳ್ಳಲ್ಲ, ಹಳೆಯದು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾಲದಲ್ಲಿ ಈ ಸಲಹೆಗೆ ಅರ್ಥವಿತ್ತು. ಅವುಗಳಲ್ಲಿ ಕಾರ್ಬುರೇಟರ್. ನಿಂತರೆ ಅದರ ಬಟ್ಟಲಿನ ಪೆಟ್ರೋಲ್ ಆವಿಯಾಗಿ ತಳದಲ್ಲಿ ಅಂಟು ಉಳಿದು ಜೆಟ್ ಕಟ್ಟಿಕೊಳ್ಳುತ್ತಿತ್ತು. ಪೆಟ್ರೋಲ್ ಪಂಪೂ ಇಂಜಿನ್ ತಿರುಗಿದರೆ ಮಾತ್ರ ಎಳೆಯುವಂಥದ್ದು, ಬಹಳ ದಿನ ನಿಂತರೆ ಬಟ್ಟಲು ತುಂಬಲು ಸ್ಟಾರ್ಟರ್ ಒದ್ದಾಡಬೇಕಿತ್ತು. ಆಗಾಗ ತಿರುಗಿಸಿದರೆ ಅನುಕೂಲವಿತ್ತು. ಆಫ್ ಮಾಡಿದ ಮೇಲೆ ಆ ಕಾರು ಬ್ಯಾಟರಿಯಿಂದ ಎಳೆಯುತ್ತಿದ್ದುದೂ ಹೆಚ್ಚುಕಡಿಮೆ ಸೊನ್ನೆ. ಆ ಕಾರುಗಳನ್ನು ಓಡಿಸಿ ಬೆಳೆದ ತಲೆಮಾರು ತನಗೆ ಗೊತ್ತಿದ್ದದ್ದನ್ನು ಪ್ರಾಮಾಣಿಕವಾಗಿ ಮುಂದಿನವರಿಗೆ ದಾಟಿಸಿತು. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಮೊದಲು ಇದ್ದದ್ದು ಕಾರ್ಬುರೇಟರೇ. ಆಮೇಲೆ ಇಂಜೆಕ್ಷನ್ ಬಂತು, ಕಂಪ್ಯೂಟರ್ ಬಂತು, ಸಲಹೆ ಮಾತ್ರ ಬದಲಾಗಲಿಲ್ಲ. 2020ರ ಮಾರ್ಚ್ 25ರಂದು ಲಾಕ್‌ಡೌನ್ ಆದಾಗ ವಾಟ್ಸ್‌ಆ್ಯಪ್ ಅದಕ್ಕೆ ಮರುಜೀವ ಕೊಟ್ಟಿತು. ಕೆಲವು ಕಂಪನಿಗಳೂ ಆಗ ನಡುನಡುವೆ ಸ್ಟಾರ್ಟ್ ಮಾಡಲು ಹೇಳಿದ್ದವಲ್ಲ ಎನ್ನುತ್ತೀರಿ. ಹೇಳಿದ್ದವು. ನಾಳೆಯೋ ನಾಡಿದ್ದೋ ರಸ್ತೆಗಿಳಿಯಬಹುದೆಂದು ಕಾದು ಮನೆಯಲ್ಲೇ ಕೂತವರಿಗೆ ಹೇಳಿದ್ದು ಅದು. ಟರ್ಮಿನಲ್ ಕಳಚಿ ಸಮುದ್ರ ದಾಟಿ ಹೋಗಬಲ್ಲವರಿಗಲ್ಲ.

ಇನ್ನೊಂದು ವಾದ: ಸ್ಟಾರ್ಟ್ ಮಾಡದಿದ್ದರೆ ಇಂಜಿನ್ ಜಾಮ್ ಆಗುತ್ತದೆ, ಸೀಲುಗಳು ಒಣಗಿ ಬಿರಿಯುತ್ತವೆ. ಹೊಸ ಆಯಿಲ್ ಇದ್ದು, ನೆರಳಿನಲ್ಲಿ ನಿಂತ, ಸುಸ್ಥಿತಿಯ ಇಂಜಿನ್ ಆರು ತಿಂಗಳಿಗೆ ಜಾಮ್ ಆಗುವುದಿಲ್ಲ. ಹತ್ತು ವರ್ಷ ಗದ್ದೆಬದಿಯಲ್ಲಿ ನಿಂತ ಜೀಪಿನ ಕಥೆಯನ್ನು ಆರು ತಿಂಗಳ ಕಾರಿಗೆ ಅಂಟಿಸುವುದು ನ್ಯಾಯವಲ್ಲ. ‘ಹೊಸ ಆಯಿಲ್’ ಎಂಬುದನ್ನು ಮಾತ್ರ ಒತ್ತಿ ಹೇಳಬೇಕು. ಹೇಗೂ ಓಡುವುದಿಲ್ಲವಲ್ಲ, ಬಂದ ಮೇಲೆ ಸರ್ವಿಸ್ ಮಾಡಿಸೋಣ ಎಂದು ಮುಂದೂಡುವುದೇ ನಮ್ಮಲ್ಲಿ ಜಾಣತನ. ಹಳೆಯ ಆಯಿಲಿನಲ್ಲಿ ಉರಿದ ಇಂಧನದ ಆಮ್ಲಾಂಶ, ತೇವ ಎಲ್ಲ ಸೇರಿರುತ್ತವೆ. ಬೇರಿಂಗುಗಳನ್ನು ಅದರಲ್ಲಿ ಅದ್ದಿಟ್ಟು ಹೋಗುವ ಬದಲು ಆಯಿಲ್ ಬದಲಾಯಿಸಿ, ಒಂದು ಸುತ್ತು ಓಡಿಸಿ, ಆಮೇಲೆ ನಿಲ್ಲಿಸುವುದು ಲೇಸು. ಖರ್ಚು ಅಷ್ಟೇ, ಕಾಲ ಮಾತ್ರ ಹಿಂದೆ ಮುಂದೆ.

ನನ್ನ ಆಕ್ಷೇಪ ಸ್ಟಾರ್ಟ್ ಮಾಡುವುದಕ್ಕಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸುತ್ತೇನೆ. ಲೈಸೆನ್ಸ್ ಇರುವ, ನಂಬಿಕಸ್ಥ ಅಳಿಯನೋ ಅಣ್ಣನ ಮಗನೋ ಹದಿನೈದು ದಿನಕ್ಕೊಮ್ಮೆ ಕಾರನ್ನು ಊರ ಹೊರಗೆ ಅರ್ಧ ಮುಕ್ಕಾಲು ಗಂಟೆ ಓಡಿಸಿ ತರುತ್ತಾನಾದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಟರ್ಮಿನಲ್ಲೂ ಕಳಚಬೇಕಿಲ್ಲ. ಆಯಿಲ್ ಕಾಯುತ್ತದೆ, ಸೈಲೆನ್ಸರ್ ಆರುತ್ತದೆ, ಟೈರು ಉರುಳುತ್ತದೆ, ಬ್ರೇಕಿನ ತುಕ್ಕು ಉಜ್ಜಿಹೋಗುತ್ತದೆ. ಓಡಿಸುವುದಾದರೆ ಓಡಿಸಿ, ಇಲ್ಲವಾದರೆ ಮುಟ್ಟಬೇಡಿ. ನಡುವಿನ ಹತ್ತು ನಿಮಿಷದಲ್ಲಿ ಎರಡರ ಕೆಡುಕೂ ಸಿಗುತ್ತದೆ, ಒಂದರ ಒಳಿತೂ ಸಿಗುವುದಿಲ್ಲ.

ಕೀಲಿ ಯಾರ ಕೈಗೆ ಎಂಬುದೂ ಸಣ್ಣ ವಿಷಯವಲ್ಲ. ಪಿಯುಸಿ ಓದುವ ಪಕ್ಕದ ಮನೆ ಹುಡುಗನಿಗೆ ‘ನೀನೇ ಸ್ಟಾರ್ಟ್ ಮಾಡಪ್ಪ’ ಎಂದು ಕೊಟ್ಟು ಹೋಗುವವರಿದ್ದಾರೆ. ಹದಿನೇಳರ ಹುಡುಗ ಎಷ್ಟು ವಾರ ಬರೀ ಸ್ಟಾರ್ಟ್ ಮಾಡಿ ಇಳಿದಾನು? ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವಾದರೆ 2019ರ ತಿದ್ದುಪಡಿಯ ಪ್ರಕಾರ ಪೋಷಕರು ಅಥವಾ ಗಾಡಿಯ ಮಾಲೀಕರೇ ತಪ್ಪಿತಸ್ಥರು. ಇಪ್ಪತ್ತೈದು ಸಾವಿರ ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಮುಚ್ಚಿದ ಶೆಡ್ಡಿನಲ್ಲಿ ಬಾಗಿಲು ತೆರೆಯದೆ ಹತ್ತು ನಿಮಿಷ ಇಂಜಿನ್ ಬಿಡುವುದರಲ್ಲಿ ಅದಕ್ಕಿಂತ ಘೋರ ಅಪಾಯವಿದೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಸೀಟಿನಲ್ಲಿ ಕೂತು ಮೊಬೈಲ್ ನೋಡುತ್ತಿರುವವರಿಗೆ ನಿದ್ದೆ ಬಂದಂತಾಗುತ್ತದೆ ಅಷ್ಟೇ. ಮಳೆ ಎರಚುತ್ತದೆಂದು ಶಟರ್ ಅರ್ಧ ಎಳೆದುಕೊಳ್ಳುವವರಿಗೆ ಇದು ಗೊತ್ತಿರಬೇಕು.

ಕವರ್ ಬಗ್ಗೆಯೂ ಎರಡು ಮಾತು. ಪ್ಲಾಸ್ಟಿಕ್ ಕವರ್, ಅದರ ಮೇಲೊಂದು ಟಾರ್ಪಾಲು, ಗಾಳಿಗೆ ಹಾರದಂತೆ ಹಗ್ಗ. ನೀರು ಒಳಗೆ ಬರುವುದಿಲ್ಲ ನಿಜ, ನೆಲದಿಂದ ಏಳುವ ತೇವ ಹೊರಗೂ ಹೋಗುವುದಿಲ್ಲ. ಮಲೆನಾಡು ಕರಾವಳಿಯಲ್ಲಿ ಹೀಗೆ ಕಟ್ಟಿಟ್ಟ ಕಾರಿನ ಬಾಗಿಲು ತೆಗೆದರೆ ಮುಗ್ಗುಲು ವಾಸನೆ ಮುಖಕ್ಕೆ ರಾಚುತ್ತದೆ. ಸ್ಟೀರಿಂಗಿನ ಮೇಲೆ, ಸೀಟ್ ಬೆಲ್ಟಿನ ಮೇಲೆ ಬಿಳಿ ಬೂಷ್ಟು. ಸೂರಿನ ಕೆಳಗಿದ್ದರೆ ಹಗುರವಾದ ಬಟ್ಟೆಯ ಕವರ್ ಸಾಕು, ಇಲ್ಲದಿದ್ದರೂ ನಡೆಯುತ್ತದೆ. ಧೂಳು ತೊಳೆದರೆ ಹೋಗುತ್ತದೆ. ಬಯಲಲ್ಲೇ ನಿಲ್ಲಿಸಬೇಕಾದರೆ ಗಾಳಿಯಾಡುವ ಬಟ್ಟೆಯ ಕವರ್ ಹಾಕಿ, ರೇನ್‌ಟ್ರೀ, ಹೊಂಗೆ ಮರದ ಬುಡ ಬಿಟ್ಟು ಬೇರೆ ಜಾಗ ನೋಡಿ.

ಪೆಟ್ರೋಲ್ ಟ್ಯಾಂಕ್ ಖಾಲಿ ಇಡಬೇಕೋ ತುಂಬಿಡಬೇಕೋ ಎಂಬುದರಲ್ಲಿ ನಮ್ಮವರಲ್ಲೇ ಎರಡು ಪಂಗಡ. ತುಂಬಿಡುವವರ ಪರ ನಾನು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಬಿಡುಗಡೆಯಾದ ಇ20 ಪೆಟ್ರೋಲಿನಲ್ಲಿ ಐದನೇ ಒಂದು ಪಾಲು ಎಥನಾಲ್. ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಗಾಳಿಗೆ ಜಾಗ ಕಡಿಮೆ ಇದ್ದಷ್ಟೂ ತೇವ ಕಡಿಮೆ. ಕಾರಿನ ಟ್ಯಾಂಕು ಬಹುಮಟ್ಟಿಗೆ ಮುಚ್ಚಿಕೊಂಡಿರುವುದರಿಂದ ಆರು ತಿಂಗಳಿಗೆ ಅಂಥ ಅನಾಹುತವಿಲ್ಲ. ಹೆಚ್ಚು ಹೊಡೆತ ತಿನ್ನುವುದು ತಗಡಿನ ಟ್ಯಾಂಕಿನ ಹಳೆಯ ಬೈಕು, ಸ್ಕೂಟರುಗಳು. ಕಾರ್ಬುರೇಟರ್ ಇರುವ ಬೈಕಾದರೆ ಪೆಟ್ರೋಲ್ ಕಾಕ್ ಮುಚ್ಚಿ, ತಾನಾಗಿ ಆಫ್ ಆಗುವವರೆಗೆ ಓಡಲು ಬಿಟ್ಟರೆ ಬಟ್ಟಲು ಖಾಲಿಯಾಗುತ್ತದೆ. ವಿದ್ಯುತ್ ಗಾಡಿಯನ್ನು ಪೂರ್ತಿ ತುಂಬಿಸಿಯೂ ಬೇಡ, ಬರಿದು ಮಾಡಿಯೂ ಬೇಡ, ಅರ್ಧ ಚಾರ್ಜಿನ ಆಸುಪಾಸು ಬಿಟ್ಟು ಹೋಗುವುದು ಒಳ್ಳೆಯದು.

ಇಲಿ ಕಾಟಕ್ಕೆ ಹೊಗೆಸೊಪ್ಪು, ನುಸಿಗುಳಿಗೆ, ಫಿನಾಯಿಲು ಎಂದು ಊರಿಗೊಂದು ಮದ್ದು. ಯಾವುದೂ ಆರು ತಿಂಗಳು ವಾಸನೆ ಹಿಡಿದಿಡುವುದಿಲ್ಲ. ಶೆಡ್ಡಿನಲ್ಲಿ ಅಕ್ಕಿಚೀಲ, ಹಿಂಡಿ, ನಾಯಿಯ ತಿನಿಸು ಇಲ್ಲದಂತೆ ನೋಡಿಕೊಳ್ಳುವುದು ಎಲ್ಲ ಮದ್ದಿಗಿಂತ ಮೇಲು. ಪಕ್ಕದ ಮನೆಯವರು ವಾರಕ್ಕೊಮ್ಮೆ ಬಾನೆಟ್ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಸ್ಟಾರ್ಟ್ ಮಾಡುವುದಕ್ಕಿಂತ ನೂರು ಪಾಲು ಉಪಯೋಗ.

ಮರೆಯುವುದು ಇನ್ಶೂರೆನ್ಸನ್ನು. ಓಡದ ಗಾಡಿಗೆ ಯಾಕೆ ಕಟ್ಟಬೇಕು ಎನ್ನುವವರು, ಕಳ್ಳತನ, ಬೆಂಕಿ, ಮೇಲೆ ಬಿದ್ದ ಕೊಂಬೆ ಇವೆಲ್ಲ ನಿಂತ ಗಾಡಿಗೇ ಆಗುವಂಥವು ಎಂಬುದನ್ನು ಮರೆತಿರುತ್ತಾರೆ. ಅವಧಿ ಮುಗಿದು ತೊಂಬತ್ತು ದಿನ ಕಳೆದರೆ ವರ್ಷಗಳಿಂದ ಕೂಡಿಬಂದ ನೋ ಕ್ಲೇಮ್ ಬೋನಸ್ ಕೂಡ ಹೋಯಿತು. ಅದು ಐವತ್ತು ಪರ್ಸೆಂಟಿನವರೆಗೂ ಇರಬಹುದು. ನ್ಯೂಜೆರ್ಸಿಯಲ್ಲಿ ಕೂತೂ ಕಟ್ಟಬಹುದು, ಮಗಳಿಗೆ ಮೊದಲೇ ದಿನಾಂಕ ಹೇಳಿಡಿ.

ವಾಪಸ್ ಬಂದ ದಿನ ಆತುರ ಬೇಡ. ಜೆಟ್‌ಲ್ಯಾಗ್ ಇಳಿಯಲಿ. ಬಾನೆಟ್ಟಿನೊಳಗೆ ಗೂಡು ಕಟ್ಟಿದೆಯೇ, ವೈರು ಕಡಿದಿದೆಯೇ, ಕಾರಿನ ಕೆಳಗೆ ನೆಲದ ಮೇಲೆ ಎಣ್ಣೆಯ ಕಲೆ ಇದೆಯೇ ನೋಡಿ. ಟೈರಿನ ಗಾಳಿ ಸರಿಮಾಡಿಸಿ. ಟರ್ಮಿನಲ್ ಕೂಡಿಸಿ, ಸ್ಟಾರ್ಟ್ ಆದ ಮೇಲೆ ಅಂಗಳದಲ್ಲೇ ನಾಲ್ಕಾರು ಸಲ ಬ್ರೇಕ್ ಒತ್ತಿ ಹಿಡಿಯುತ್ತದೆಯೇ ಎಂದು ಪರೀಕ್ಷಿಸಿ. ಮೊದಲ ಸುತ್ತು ಹಾಲಿನ ಬೂತಿಗೆ ಬೇಡ. ಮೈಸೂರಿನವರಾದರೆ ನಂಜನಗೂಡಿನವರೆಗೆ ಹೋಗಿಬನ್ನಿ. ಹೋಗಿಬರುವಷ್ಟರಲ್ಲಿ ಆಯಿಲೂ ಕಾದಿರುತ್ತದೆ, ಟೈರಿನ ಗಡಗಡವೂ ನಿಂತಿರುತ್ತದೆ. ದಾರಿಯಲ್ಲಿ ನಿಜವಾದ ರಸಬಾಳೆ ಸಿಕ್ಕರೆ ಕಟ್ಟಿಸಿಕೊಂಡು ಬನ್ನಿ, ಈಗ ಅದು ಸುಲಭಕ್ಕೆ ಸಿಗುವುದಿಲ್ಲ.